ಬಟ್ಟಲು ಕಡೆಯುವ ಉಳಿಯ ಪೂರ್ವೋತ್ತರ

ಮೊಸರನ್ನು ಕಡೆದು ಬೆಣ್ಣೆ ತೆಗೆಯುತ್ತೇವೆ. ಮರವನ್ನು ಕಡೆದು ಬುಗುರಿಯನ್ನೂ ಲಟ್ಟಣಿಗೆಯನ್ನೂ ಮಾಡುತ್ತೇವೆ. ಎರಡು ಕೆಲಸಗಳಿಗೂ ಕನ್ನಡದಲ್ಲಿ ಒಂದೇ ಕ್ರಿಯಾಪದವಿರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಕಡಗೋಲಿಗೆ ಸುತ್ತಿದ ಹಗ್ಗವನ್ನು ಎಳೆದೆಳೆದು ಬಿಟ್ಟಾಗ ಅದು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುವಂತೆಯೇ, ಹಳೆಯ ಕಾಲದ ಕಡೆಯುವ ಯಂತ್ರದಲ್ಲಿ ಮರದ ತುಂಡೂ ಹಗ್ಗದ ಸೆಳೆತಕ್ಕೆ ಹಿಂದುಮುಂದಾಗಿ ತಿರುಗುತ್ತಿದ್ದಿತು. ಹಗ್ಗ, ಕೋಲು, ಕೈ, ಕಾಲು ಇಷ್ಟರಿಂದಲೇ ನಡೆದ ಈ ಕಸುಬು ಹಲವು ದೇಶಗಳಲ್ಲಿ ಶತಮಾನಗಳ ಕಾಲ ಮನೆಮನೆಯ ಪಾತ್ರೆಗಳನ್ನು ಒದಗಿಸಿತು.

ಈಚೆಗೆ ವಿದ್ಯುತ್ತಿನ ಲೇತನ್ನು ಮನೆಯ ಹಿತ್ತಲಲ್ಲಿಟ್ಟುಕೊಂಡು, ಬಿಡುವಿನ ವೇಳೆಯಲ್ಲಿ ಮರದ ಬಟ್ಟಲು ಕಡೆಯಲು ತೊಡಗಿರುವವರು ಅಲ್ಲಲ್ಲಿ ಉಂಟು. ಅಂಥವರು ಮೊತ್ತಮೊದಲು ಕೇಳುವುದು ಎರಡು ಪ್ರಶ್ನೆಗಳನ್ನು: ಯಾವ ಉಳಿಯನ್ನು ಕೊಳ್ಳಬೇಕು? ಅದನ್ನು ಹೇಗೆ ಸಾಣೆ ಹಿಡಿಯಬೇಕು? ಉತ್ತರಗಳಿಗೆ ಬರವಿಲ್ಲ, ಆದರೆ ಅವು ಒಂದಕ್ಕೊಂದು ಹೊಂದುವುದಿಲ್ಲ. ಸಾಣೆಯ ಮೇಲೆ ಕಾದ ಉಳಿಯನ್ನು ಕೂಡಲೇ ನೀರಿನಲ್ಲಿ ಅದ್ದಬೇಕೆಂದು ಒಂದು ಪುಸ್ತಕ ಹೇಳಿದರೆ, ಎಂದಿಗೂ ಅದ್ದಕೂಡದೆಂದು ಇನ್ನೊಂದು ಹೇಳುತ್ತದೆ. ಬಾಯಿಯನ್ನು ನೇರವಾಗಿ ಸಾಣೆ ಹಿಡಿಯೆಂದು ಒಬ್ಬರು, ಎರಡು ಪಕ್ಕಗಳನ್ನೂ ಹಿಂದಕ್ಕೆ ಸವರಿಬಿಡೆಂದು ಮತ್ತೊಬ್ಬರು. ನಮ್ಮ ಅಭಿಪ್ರಾಯದಲ್ಲಿ ಇವರಲ್ಲಿ ಯಾರೂ ಸುಳ್ಳಾಡುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಕಾಲದ ಉಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ, ಅಷ್ಟೆ. ಉಳಿಯ ಚರಿತ್ರೆಯನ್ನರಿಯದೆ ಉಪದೇಶವನ್ನು ಮಾತ್ರ ಕೈಗೊಂಡರೆ ಉಳಿ ಕೆಡುತ್ತದೆ. ಕೆಲವು ವೇಳೆ ಕೈಯೂ ಕೆಡುತ್ತದೆ. ಆದುದರಿಂದ ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬಯಸುತ್ತೇವೆ.

ಇಂದು ಅಂಗಡಿಯಲ್ಲಿ ದೊರೆಯುವ 'ಬೌಲ್ ಗೌಜ್' ಎಂಬುದು ದುಂಡಾದ ಉಕ್ಕಿನ ಸಲಾಕೆ. ಅದರ ಉದ್ದಕ್ಕೂ ಒಂದು ಆಳವಾದ ಕಾಲುವೆಯನ್ನು ಕೊರೆದಿರುತ್ತಾರೆ. ತುದಿಯಲ್ಲಿ ಆ ಕಾಲುವೆಯ ಅಂಚೇ ಅಲಗಾಗುತ್ತದೆ. ಇದಕ್ಕೆ ಈ ರೂಪ ಬಂದು ಹೆಚ್ಚೆಂದರೆ ಅರ್ಧ ಶತಮಾನ ಕಳೆದಿದೆ. ಮರದ ಬಟ್ಟಲಾದರೋ ಸಾವಿರಾರು ವರ್ಷಗಳಷ್ಟು ಹಳೆಯದು. ಹಾಗಾದರೆ ನಮ್ಮ ಹಿಂದಿನವರು ಬಟ್ಟಲಿನ ಒಡಲನ್ನು ಯಾವುದರಿಂದ ತೋಡುತ್ತಿದ್ದರು?

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕಾಪರ್‌ಗೇಟ್ ಎಂಬ ಬೀದಿಯಿದೆ. ಹೆಸರು ಕೇಳಿ ತಾಮ್ರದ ನೆನಪಾಗಬಹುದು. ಆದರೆ ಹಳೆಯ ನಾರ್ಸ್ ಭಾಷೆಯಲ್ಲಿ ಅದರ ಅರ್ಥ ಬಟ್ಟಲು ಮಾಡುವವರ ಬೀದಿಯೆಂದು. ನಮ್ಮ ಊರುಗಳ ಕುಂಬಾರಬೀದಿ, ಕಮ್ಮಾರಬೀದಿಗಳಂತೆ. ೧೯೭೬ರಿಂದ ೧೯೮೧ರವರೆಗೆ ಅಲ್ಲಿ ಉತ್ಖನನ ನಡೆದಾಗ ಬೀದಿಯ ಹೆಸರು ನಿಜವಾಯಿತು: ವೈಕಿಂಗರ ಕಾಲದ ಮಣ್ಣಿನ ಪದರಗಳಲ್ಲಿ ಕಡೆದ ಬಟ್ಟಲುಗಳೂ, ಬಟ್ಟಲಿನ ಮಧ್ಯದಿಂದ ಮುರಿದು ಬಿಸುಟ ಮರದ ತಿರುಳುಗಳೂ ದೊರೆತವು. ೧೫೪೫ರಲ್ಲಿ ಮುಳುಗಿ ೧೯೮೨ರಲ್ಲಿ ಮೇಲೆತ್ತಲ್ಪಟ್ಟ ಮೇರಿ ರೋಸ್ ಎಂಬ ಯುದ್ಧನೌಕೆಯಲ್ಲಿಯೂ ನಾವಿಕರು ಉಣ್ಣುತ್ತಿದ್ದ ಮರದ ಬಟ್ಟಲುಗಳಿದ್ದವು. ಇವನ್ನೆಲ್ಲ ತೋಡಿದ್ದು ಗೌಜ್ ಅಲ್ಲ, ಕೊಕ್ಕೆ. ಉದ್ದನೆಯ ಹಿಡಿಗೆ ಸೇರಿಸಿದ ಕಬ್ಬಿಣದ ಸಲಾಕೆಯ ತುದಿಯನ್ನು ಕುಡುಗೋಲಿನಂತೆ ಬಾಗಿಸಿ, ಬಾಗಿನ ಅಂಚಿಗೆ ಹದವಾದ ಅಲಗನ್ನು ಕೊಟ್ಟರೆ ಕೊಕ್ಕೆಯುಳಿಯಾಯಿತು.

ಈ ಕೊಕ್ಕೆಯುಳಿಯ ಇಂಗ್ಲಿಷ್ ಪರಂಪರೆಯ ಕೊನೆಯ ಕೊಂಡಿಯೆಂದು ಜಾರ್ಜ್ ಲೈಲಿಯನ್ನು ಹೇಳುತ್ತಾರೆ. ಬರ್ಕ್‌ಷೈರಿನ ಬಕಲ್‌ಬರಿ ಎಂಬ ಹುಲ್ಲುಗಾವಲಿನ ಊರಿನಲ್ಲಿ ಒಂದು ಗುಡಿಸಲು. ಅದರೊಳಗೆ ಮೇಲೆ ಒಂದು ಬಳುಕುವ ಗಳು. ಗಳುವಿನ ತುದಿಯಿಂದ ಇಳಿದ ಹಗ್ಗ ಮರದ ದಿಮ್ಮಿಯನ್ನು ಸುತ್ತಿ ಕೆಳಗಿನ ತುಳಿಮಣೆಗೆ ಸೇರುತ್ತಿತ್ತು. ತುಳಿದಾಗ ಮರ ಮುಂದಕ್ಕೆ ತಿರುಗುತ್ತಿತ್ತು. ಆಗ ಮಾತ್ರ ಉಳಿ ಕಡಿಯಬೇಕು. ಕಾಲೆತ್ತಿದಾಗ ಗಳು ಹಗ್ಗವನ್ನು ಮೇಲಕ್ಕೆ ಸೆಳೆದು ಮರವನ್ನು ಹಿಂದಕ್ಕೆ ತಿರುಗಿಸುತ್ತಿತ್ತು. ಆಗ ಉಳಿಯನ್ನು ಕೂದಲೆಳೆಯಷ್ಟು ಹಿಂದೆಗೆಯಬೇಕು. ಎಲ್ಮ್ ಮರದ ಒಂದೇ ದಿಮ್ಮಿಯಿಂದ ದೊಡ್ಡ ಬಟ್ಟಲು, ಅದರ ಒಡಲಿನಿಂದ ಚಿಕ್ಕದು, ಚಿಕ್ಕದರ ಒಡಲಿನಿಂದ ಇನ್ನೂ ಚಿಕ್ಕದು, ಹೀಗೆ ಈರುಳ್ಳಿಯ ಪದರ ಬಿಡಿಸಿದಂತೆ ಅವನು ತೆಗೆಯುತ್ತಿದ್ದನು. ನೇರವಾದ ಉಳಿಯಿಂದ ಈ ಕೆಲಸ ಆಗತಕ್ಕದ್ದಲ್ಲ. ಬಾಗಿದ ಕೊಕ್ಕೆಯೇ ಬೇಕು. ೧೯೨೭ರಲ್ಲಿ ಪ್ರಕಟವಾದ ಎಚ್. ವಿ. ಮಾರ್ಟನ್ನನ ಪ್ರವಾಸಕಥನದ ಮೂಲಕ ಲೈಲಿಯ ಹೆಸರು ನಾಡಿಗೆ ತಿಳಿಯಿತು. ಹೆಸರು ತಿಳಿದರೂ ಕಸುಬನ್ನು ಮುಂದುವರಿಸುವವನು ಬರಲಿಲ್ಲ. ೧೯೫೮ರಲ್ಲಿ ಅವನು ತೀರಿಕೊಂಡನು. ಅವನ ಯಂತ್ರವೂ ಉಳಿಗಳೂ ರೀಡಿಂಗ್ ನಗರದ ಗ್ರಾಮಜೀವನ ವಸ್ತುಸಂಗ್ರಹಾಲಯವನ್ನು ಸೇರಿದವು. (ಅವನು ಕಡೆಯುತ್ತಿದ್ದ ಎಲ್ಮ್ ಮರವೂ ೧೯೭೦ರ ದಶಕದ ರೋಗದಿಂದ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ನಾಶವಾಯಿತು. ಕಸುಬಿನ ಹಿಂದೆಯೇ ಮರವೂ ಹೊರಟುಹೋದಂತಾಯಿತು.)

ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಉಳಿಯನ್ನು ತೂಗುಹಾಕಬಹುದು. ಅದರ ಅಲಗನ್ನು ಯಾವ ಕೋನದಲ್ಲಿ, ಎಷ್ಟು ಹೊತ್ತಿಗೊಮ್ಮೆ, ಯಾವ ಕಲ್ಲಿನಿಂದ ಮಸೆಯಬೇಕೆಂಬ ಅರಿವನ್ನು ತೂಗುಹಾಕಲು ಮೊಳೆಯಿಲ್ಲ. ದಶಕಗಳ ತರುವಾಯ ರಾಬಿನ್ ವುಡ್ ಎಂಬವರು ಆ ಉಳಿಗಳನ್ನು ನೋಡಿ, ಅಳೆದು, ತಾವೇ ಕುಲುಮೆಯಲ್ಲಿ ಕೊಕ್ಕೆಗಳನ್ನು ಬಡಿದು, ಕಾಲಿನಿಂದ ತುಳಿಯುವ ಲೇತಿನಲ್ಲಿ ಬಟ್ಟಲು ಕಡೆಯುವುದನ್ನು ಮತ್ತೆ ಬಳಕೆಗೆ ತಂದರು. ೨೦೦೫ರಲ್ಲಿ ಮರದ ಬಟ್ಟಲನ್ನೇ ಕುರಿತು ಒಂದು ಗ್ರಂಥವನ್ನೂ ಬರೆದರು. ಗುರುವಿಲ್ಲದ ಶಿಷ್ಯನಿಗೆ ಉಪಕರಣವೇ ಗುರುವಾದ ಈ ಸಂಗತಿ ಶಿಕ್ಷಕರಾದ ನಮಗೆ ಸಂತೋಷವನ್ನೂ ಸ್ವಲ್ಪ ಕಳವಳವನ್ನೂ ಉಂಟುಮಾಡುತ್ತದೆ. ಎಲ್ಲ ಕಸುಬುಗಳಿಗೂ ಅಂಥ ಶಿಷ್ಯ ದೊರೆಯುವುದಿಲ್ಲ.

ಇರಲಿ. ಲೈಲಿಯ ಜೀವಮಾನದಲ್ಲಿಯೇ ಕಾರ್ಖಾನೆಗಳಲ್ಲಿ ಒಂದೇ ದಿಕ್ಕಿಗೆ ಎಡೆಬಿಡದೆ, ವೇಗವಾಗಿ ತಿರುಗುವ ಲೇತು ಬಂದಾಗಿತ್ತು. ವೇಗ ಹೆಚ್ಚಿದಾಗ ಬಟ್ಟಲಿನ ಒಂದು ಹಳೆಯ ತೊಡಕು ಹೊಸದಾಗಿ ಎದ್ದು ನಿಂತಿತು. ಮೇಜಿನ ಕಾಲನ್ನು ಕಡೆಯುವಾಗ ಮರದ ನಾರು ಲೇತಿನ ಉದ್ದಕ್ಕೆ ಸಮನಾಗಿ ಮಲಗಿರುತ್ತದೆ. ಉಳಿ ಸುಲಭವಾಗಿ ಸಿಪ್ಪೆ ತೆಗೆಯುತ್ತದೆ. ಬಟ್ಟಲಿಗಾಗಿ ಕಟ್ಟಿದ ತುಂಡಿನಲ್ಲಿ ಸಾಮಾನ್ಯವಾಗಿ ನಾರು ಅಡ್ಡವಾಗಿರುತ್ತದೆ. ಆದಕಾರಣ ಒಂದು ಸುತ್ತಿನಲ್ಲಿ ಎರಡು ಸಲ ಉಳಿಗೆ ನಾರಿನ ಪಕ್ಕವೂ ಎರಡು ಸಲ ನಾರಿನ ತುದಿಯೂ ಎದುರಾಗುತ್ತದೆ. ಸೌದೆಯನ್ನು ಸೀಳುವುದಕ್ಕೂ ಅಡ್ಡಲಾಗಿ ಕಡಿಯುವುದಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಹೊಡೆತವನ್ನು ತಡೆಯಲು ದಪ್ಪವಾದ ಉಳಿ ಬೇಕಾಯಿತು. ಬಟ್ಟಲಿನ ಒಳಗೆ ಚಾಚಲು ಉದ್ದವಾದದ್ದು ಬೇಕಾಯಿತು. ಷೆಫೀಲ್ಡಿನ ಉಳಿ ತಯಾರಕರು 'ಉದ್ದ ಮತ್ತು ಗಟ್ಟಿ' ಎಂಬ ಹೆಸರಿನಲ್ಲಿಯೇ ಇಂಥ ಗೌಜ್‌ಗಳನ್ನು ಮಾರಿದರು. ಅವು ಕುಲುಮೆಯಲ್ಲಿ ಬಡಿದು ಬಾಗಿಸಿದ ಸಾದಾ ಇಂಗಾಲದ ಉಕ್ಕಿನವು. ಫ್ರಾಂಕ್ ಪೇನ್ ೧೯೫೬ರಲ್ಲಿ ಬರೆದ ಕಡೆತದ ಕೈಪಿಡಿ ಈ ಉಕ್ಕಿನ ಕಾಲದ್ದು. ೧೯೭೧ರಲ್ಲಿ ಎಸೆಕ್ಸ್ ಸೀಮೆಯ ಪೀಟರ್ ಚೈಲ್ಡ್ ತನ್ನ ಪುಸ್ತಕದಲ್ಲಿಯೂ ತರಗತಿಗಳಲ್ಲಿಯೂ ಆಳವಾದ ಕಾಲುವೆಯುಳ್ಳ ಗೌಜನ್ನು ಹವ್ಯಾಸಿಗಳ ಕೈಗೆ ತಲುಪಿಸಿದನು. ಆಗ ಬಾಯಿಯನ್ನು ಬಹುಮಟ್ಟಿಗೆ ನೇರವಾಗಿಯೇ ಸಾಣೆ ಹಿಡಿಯುತ್ತಿದ್ದರು. ಅಮೆರಿಕದ ಡೇವಿಡ್ ಎಲ್ಸ್‌ವರ್ತ್, ಐರ್ಲೆಂಡಿನ ಲಿಯಾಮ್ ಓನೀಲ್ ಮೊದಲಾದವರು ಎರಡು ಪಕ್ಕಗಳನ್ನೂ ಹಿಂದಕ್ಕೆ ಸವರಿ ಉದ್ದನೆಯ ಅಲಗು ಮಾಡಿಕೊಂಡರು. ಒಂದೇ ಉಳಿ ತುದಿಯಿಂದ ತೋಡಲೂ ಪಕ್ಕದಿಂದ ನಯಗೊಳಿಸಲೂ ಬಂದಿತು. ಮೊದಲು ಹೇಳಿದ ಎರಡು ವಿರುದ್ಧ ಉಪದೇಶಗಳ ಮೂಲ ಇದು.

ನಮ್ಮ ಚನ್ನಪಟ್ಟಣದ ಕಡೆತಗಾರರಿಗೆ ಇಂಥ ಉಳಿ ಏಕೆ ಬೇಕಾಗಲಿಲ್ಲವೆಂದು ಕೇಳಬಹುದು. ಅಲ್ಲಿಯ ಕೆಲಸ ಬಹುಮಟ್ಟಿಗೆ ಆಲೆಮರದ್ದು. ಮೃದುವಾದ, ನಯವಾದ ಮರ. ಆಟಿಕೆ, ಕುಂಕುಮದ ಭರಣಿಗಳು ಸಣ್ಣ ಕೊಂಬೆಯಿಂದ, ನಾರಿನ ಉದ್ದಕ್ಕೆ ಕಡೆಯತಕ್ಕವು. ಮೇಲೆ ತಿರುಗುವಾಗಲೇ ಅರಗನ್ನು ಒತ್ತಿ ಕರಗಿಸಿ ಬಣ್ಣ ಹಿಡಿಸುತ್ತಾರೆ. ಅವರ ಕೌಶಲದ ದಾರಿ ಬೇರೆ, ಉಳಿಯ ದಾರಿಯೂ ಬೇರೆ. ಒಂದನ್ನು ಇನ್ನೊಂದಕ್ಕಿಂತ ಮೇಲೆನ್ನುವುದು ಅವಿವೇಕ.

ಆದರೆ ಉಕ್ಕಿನ ಮಾತಿಗೆ ಬಂದಾಗ ನಮ್ಮ ನಾಡಿನ ಹೆಸರು ತಾನಾಗಿಯೇ ಬರುತ್ತದೆ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಮಾಡುತ್ತಿದ್ದ ಉಕ್ಕಿನ ತಂತಿಯ ಪ್ರಸಿದ್ಧಿಯನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಮುಂಚೆ, ೧೭೯೪ರಲ್ಲಿ, ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಭಾರತದ ಮೂಸೆಯುಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಕಳುಹಿಸಿದ್ದನು. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ 'ವೂಟ್ಜ್' ಎಂಬ ಹೆಸರಿನಲ್ಲಿ ಪ್ರಬಂಧ ಬರೆದನು. ಆ ವಿಚಿತ್ರ ಪದ ನಮ್ಮ 'ಉಕ್ಕು' ಎಂಬುದರ ಅಪಭ್ರಂಶವೆಂದು ಹಲವು ವಿದ್ವಾಂಸರ ಮತ. ಕನ್ನಡದ ಉಕ್ಕೋ ತೆಲುಗಿನ ಉಕ್ಕೋ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಎರಡು ಭಾಷೆಗಳ ನಡುವೆ ಸಂತೆ ಮಾಡಿ, ಎರಡರಲ್ಲಿಯೂ ಲೆಕ್ಕ ಹಾಕುವ ಈ ಗಡಿಯ ಜನಕ್ಕೆ ಆ ಪದ ಎರಡು ಮನೆಗಳ ನಡುವಿನ ಬಾವಿಯಂತೆ. ಲಂಡನ್ನಿನ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕನು ವೂಟ್ಜ್ ಉಕ್ಕು ಯುರೋಪಿನ ಉಕ್ಕಿಗಿಂತ ಮೇಲೆಂದು ತನ್ನ ವ್ಯಾಪಾರಚೀಟಿಯಲ್ಲಿಯೇ ಅಚ್ಚು ಹಾಕಿಸಿದನು. ೧೮೨೦ರಲ್ಲಿ ಮೈಕೆಲ್ ಫ್ಯಾರಡೆಯೊಡನೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರಸುವ ಪ್ರಯೋಗಗಳನ್ನು ಪ್ರಕಟಿಸಿದನು.

ವೂಟ್ಜನ್ನು ಪರೀಕ್ಷಿಸಿದವರಲ್ಲಿ ಡೇವಿಡ್ ಮುಷೆಟ್ ಎಂಬ ಸ್ಕಾಟ್ಲೆಂಡಿನವನೂ ಒಬ್ಬ. ಅವನ ಪ್ರಬಂಧ ೧೮೦೫ರಲ್ಲಿ ಅಚ್ಚಾಯಿತು. ಅವನ ಮಗ ರಾಬರ್ಟ್ ಮುಷೆಟ್ ೧೮೬೮ರಲ್ಲಿ ಟಂಗ್‌ಸ್ಟನ್ ಬೆರಸಿದ ಒಂದು ಉಕ್ಕನ್ನು ಮಾಡಿದನು. ಅದನ್ನು ಕಾಯಿಸಿ ನೀರಿನಲ್ಲಿ ಅದ್ದಬೇಕಾಗಿರಲಿಲ್ಲ. ಗಾಳಿಯಲ್ಲಿ ಆರಿದರೆ ತಾನೇ ಗಡುಸಾಗುತ್ತಿತ್ತು. ಮೂವತ್ತು ವರ್ಷಗಳ ತರುವಾಯ ಅಮೆರಿಕದ ಬೆತ್ಲೆಹೆಮ್ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಈ ಬಗೆಯ ಉಕ್ಕನ್ನು ಕರಗುವ ಹಂತದವರೆಗೆ ಕಾಯಿಸಿ ಹದಗೊಳಿಸುವ ಮಾರ್ಗವನ್ನು ಕಂಡುಹಿಡಿದರು. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ತುದಿ ಕೆಂಡದಂತೆ ಕೆಂಪಾದರೂ ಲೋಹವನ್ನು ಕತ್ತರಿಸುತ್ತಲೇ ಇದ್ದ ಉಳಿಯನ್ನು ಕಂಡು ಜನ ಬೆರಗಾದರು. ಇದೇ 'ಹೈ ಸ್ಪೀಡ್ ಸ್ಟೀಲ್', ಅಂದರೆ ಅತಿವೇಗದ ಉಕ್ಕು. ತಂದೆ ನಮ್ಮ ಉಕ್ಕನ್ನು ಪರೀಕ್ಷಿಸಿದ ಮಾತ್ರಕ್ಕೆ ಮಗನ ಉಕ್ಕು ನಮ್ಮದೆಂದು ಹೇಳಿಕೊಳ್ಳುವುದು ಸಲ್ಲದು. ವೂಟ್ಜಿನ ಗಡುಸು ಇಂಗಾಲದಿಂದ ಬಂದದ್ದು, ಮಗನದು ಟಂಗ್‌ಸ್ಟನ್ನಿನಿಂದ. ಒಂದು ಉಕ್ಕು ಅಲಗನ್ನು ಹಿಡಿದಿಟ್ಟುಕೊಳ್ಳುವುದೇಕೆ, ಇನ್ನೊಂದು ಬಿಡುವುದೇಕೆ ಎಂಬ ಪ್ರಶ್ನೆ ಮಾತ್ರ ಆ ಮನೆಯಲ್ಲಿ ಎರಡು ತಲೆಮಾರು ಬಾಳಿತು.

ಕಾರ್ಖಾನೆಯ ಈ ಉಕ್ಕು ಮರಗೆಲಸದವರ ಕೈಗೆ ಬರಲು ಬಹಳ ಕಾಲ ಹಿಡಿಯಿತು. ೧೯೭೦ರ ದಶಕದ ಕೊನೆ, ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ದುಂಡು ಸಲಾಕೆಯಲ್ಲಿ ಕಾಲುವೆ ಕೊರೆದ ಹೈ ಸ್ಪೀಡ್ ಗೌಜ್‌ಗಳು ಮಾರುಕಟ್ಟೆಯಲ್ಲಿ ಹರಡಿದವು. ಇಂದು ಸಾಮಾನ್ಯವಾಗಿ ದೊರೆಯುವುದು ಎಂ-೨ ಎಂಬ ಬಗೆ. ಅದರಲ್ಲಿ ಸುಮಾರು ಶೇಕಡ ೬ ಟಂಗ್‌ಸ್ಟನ್, ೫ ಮಾಲಿಬ್ಡಿನಮ್, ೪ ಕ್ರೋಮಿಯಮ್, ೨ ವನೇಡಿಯಮ್ ಇರುತ್ತವೆ. ನೀರಿನ ವಿವಾದ ಇಲ್ಲಿ ಬಗೆಹರಿಯುತ್ತದೆ. ಇಂಗಾಲದ ಉಕ್ಕು ಸಾಣೆಯ ಮೇಲೆ ೨೨೦ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಹುಲ್ಲಿನ ಹಳದಿಯಾಗಿ, ೩೦೦ರ ಹೊತ್ತಿಗೆ ನೀಲಿಯಾಗುತ್ತದೆ; ನೀಲಿಯಾದ ಕಡೆ ಹದ ಹೋಯಿತು, ಆ ಭಾಗವನ್ನು ಸವೆಸಿಯೇ ತೆಗೆಯಬೇಕು. ಆದುದರಿಂದ ಫ್ರಾಂಕ್ ಪೇನನ ಕಾಲದವರಿಗೆ ನೀರಿನ ಡಬ್ಬಿ ಸಾಣೆಯ ಪಕ್ಕದಲ್ಲಿಯೇ ಇರಬೇಕಾಗಿತ್ತು. ಹೈ ಸ್ಪೀಡ್ ಉಕ್ಕು ೫೫೦ ಡಿಗ್ರಿಯವರೆಗೂ ತನ್ನ ಗಡುಸುತನವನ್ನು ಬಿಡುವುದಿಲ್ಲ. ಕಾದದ್ದನ್ನು ತಟಕ್ಕನೆ ನೀರಿಗದ್ದಿದರೆ ಅಲಗಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುವ ಭಯವುಂಟು. ಬಣ್ಣ ತಿರುಗಿತೆಂದು ಹೆದರುವ ಕಾರಣವಿಲ್ಲ. ಕೈಗೆ ಬಿಸಿಯಾದರೆ ಕೆಳಗಿಟ್ಟು ಆರಗೊಡುವುದು ಲೇಸು.

ಸಾಣೆಯ ಚರಿತ್ರೆ ಹೇಳುವಾಗ ಮನಸ್ಸು ಭಾರವಾಗುತ್ತದೆ. ಷೆಫೀಲ್ಡಿನ ಹೊಳೆಗಳ ದಡದಲ್ಲಿ ನೀರಿನ ಚಕ್ರದಿಂದ ತಿರುಗುವ ಮರಳುಗಲ್ಲಿನ ಸಾಣೆಗಳಿದ್ದವು; ಕುದುರೆಯ ಮೇಲೆ ಕುಳಿತಂತೆ ಮರದ ಪೀಠವನ್ನೇರಿ ಕುಳಿತು ಮುಖವನ್ನು ಕಲ್ಲಿನ ಬಳಿಗೆ ಬಗ್ಗಿಸಿ ದುಡಿಯುತ್ತಿದ್ದರು. ಕಲ್ಲಿನ ಧೂಳು ಶ್ವಾಸಕೋಶವನ್ನು ತಿಂದುಹಾಕುತ್ತಿತ್ತು. ಅಲ್ಲಿಯ ವೈದ್ಯ ನೈಟ್ ಎಂಬವನ ಮಾತನ್ನು ಎಂಗೆಲ್ಸ್ ೧೮೪೫ರ ತನ್ನ ಗ್ರಂಥದಲ್ಲಿ ಉದಾಹರಿಸಿದ್ದಾನೆ: ಒಣಸಾಣೆಯವರ ಸರಾಸರಿ ಆಯುಸ್ಸು ಮೂವತ್ತೈದನ್ನು ಮುಟ್ಟುವುದೇ ಕಷ್ಟ, ನೀರುಸಾಣೆಯವರದು ನಲವತ್ತೈದನ್ನು ದಾಟುವುದು ವಿರಳ. ಕೆಲವು ವೇಳೆ ಕಲ್ಲೇ ಸಿಡಿದು ಆಳನ್ನು ಕೊಲ್ಲುತ್ತಿತ್ತು. ಹಳೆಯ ಷೆಫೀಲ್ಡ್ ಉಳಿಯ ಹೊಳಪನ್ನು ಹೊಗಳುವವರು ಆ ಹೊಳಪಿಗೆ ಯಾರು ಬೆಲೆ ತೆತ್ತರೆಂಬುದನ್ನೂ ನೆನೆಯಬೇಕು. ೧೮೯೧ರಲ್ಲಿ ಎಡ್ವರ್ಡ್ ಅಚೆಸನ್ ಕಾರ್ಬೊರಂಡಮ್ ಎಂಬ ಕೃತಕ ಹರಳನ್ನು ಕಂಡುಹಿಡಿದ ತರುವಾಯ ಕೃತಕ ಸಾಣೆಗಳು ಬಂದವು. ೧೯೫೭ರಲ್ಲಿ ಜನರಲ್ ಇಲೆಕ್ಟ್ರಿಕ್ ಸಂಸ್ಥೆಯ ರಾಬರ್ಟ್ ವೆಂಟಾರ್ಫ್ ವಜ್ರಕ್ಕೆ ಎರಡನೆಯದೆನಿಸುವ ಬೋರಾನ್ ನೈಟ್ರೈಡ್ ಹರಳನ್ನು ಸೃಷ್ಟಿಸಿದನು. ಇಂದು ಕಡೆತಗಾರರು ಮೆಚ್ಚುವ 'ಸಿಬಿಎನ್' ಚಕ್ರ ಅದರದೇ. ಸಾಣೆ ಯಾವುದಾದರೂ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ತಪ್ಪಬಾರದು.

ಇಷ್ಟನ್ನು ತಿಳಿದ ಮೇಲೆ ಕೊಳ್ಳುವ ಮಾತು ಸುಲಭ. ಒಂದೇ ಉಳಿಗೆ ದುಡ್ಡಿದ್ದರೆ, ಸಲಾಕೆ ಅರ್ಧ ಅಂಗುಲ ದಪ್ಪದ, ಹೈ ಸ್ಪೀಡ್ ಉಕ್ಕಿನ ಗೌಜನ್ನು ಕೊಳ್ಳತಕ್ಕದ್ದು. ಇಲ್ಲಿ ಒಂದು ಗೊಂದಲವಿದೆ: ಅಮೆರಿಕದವರು ಸಲಾಕೆಯ ದಪ್ಪವನ್ನು ಹೇಳುತ್ತಾರೆ, ಇಂಗ್ಲೆಂಡಿನವರು ಕಾಲುವೆಯ ಅಗಲವನ್ನು. ಆದುದರಿಂದ ಒಂದೇ ಉಳಿ ಅಲ್ಲಿ ೧/೨ ಅಂಗುಲವೆಂದೂ ಇಲ್ಲಿ ೩/೮ ಅಂಗುಲವೆಂದೂ ಕರೆಸಿಕೊಳ್ಳುತ್ತದೆ. ಹೆಸರನ್ನು ನಂಬದೆ ಸಲಾಕೆಯನ್ನೇ ಅಳೆಯುವುದು ಒಳಿತು. ಅಗಲವಾದ ಬಾಯಿಯ, ತೆಳುವಾದ ಬಾಲವನ್ನು ಹಿಡಿಯಲ್ಲಿ ತೂರಿಸಿದ ಇನ್ನೊಂದು ಬಗೆಯ ಗೌಜ್ ಅಂಗಡಿಯಲ್ಲಿ ಪಕ್ಕದಲ್ಲಿಯೇ ಇರುತ್ತದೆ. ಅದು ಚೌಕದ ಕಂಬವನ್ನು ದುಂಡಾಗಿಸಲು ಮಾತ್ರ ಮಾಡಿದ್ದು. ಅದನ್ನು ಬಟ್ಟಲಿಗೆ ಹಿಡಿದರೆ ನಾರಿನ ತುದಿಯ ಏಟಿಗೆ ಬಾಲ ಮುರಿದು ಉಳಿ ಮುಖಕ್ಕೆ ಹಾರುವ ಅಪಾಯವುಂಟು. ಹೊಸಬರಿಗೆ ಈ ಒಂದು ಎಚ್ಚರಿಕೆಯನ್ನು ಹತ್ತು ಸಲ ಹೇಳಿದರೂ ಹೆಚ್ಚಲ್ಲ.

ಅಂಗಡಿಯಿಂದ ಬಂದ ಅಲಗನ್ನು ಸಿದ್ಧವೆಂದು ಭಾವಿಸಬೇಡಿ. ನಿಮಿಷಕ್ಕೆ ಸುಮಾರು ೧೪೫೦ ಸುತ್ತು ತಿರುಗುವ, ಎಂಟು ಅಂಗುಲದ, ೮೦ನೆಯ ಅಂಕೆಯ ಬಿಳಿಯ ಸಾಣೆಚಕ್ರ ಮೊದಲಿಗನಿಗೆ ಸಾಕು. ಅಲಗಿನ ಹಿಂದಿನ ಇಳಿಜಾರು ೫೫ ಡಿಗ್ರಿಯ ಆಸುಪಾಸಿನಲ್ಲಿದ್ದರೆ ಆಳವಾದ ಬಟ್ಟಲಿನ ತಳದಲ್ಲಿಯೂ ಇಳಿಜಾರು ಮರಕ್ಕೆ ಒರಗಿ ನಿಲ್ಲುತ್ತದೆ. ೪೦ಕ್ಕೆ ಇಳಿಸಿದರೆ ಹೊರಮೈಯನ್ನು ಸೊಗಸಾಗಿ ಕಡಿದರೂ, ತಳಕ್ಕೆ ಹೋದಾಗ ಉಳಿಯ ಮೈ ಬಟ್ಟಲಿನ ಅಂಚಿಗೆ ತಗುಲಿ ಇಳಿಜಾರು ಎದ್ದುಬಿಡುತ್ತದೆ, ಅಲಗು ಮರವನ್ನು ಕಚ್ಚಿಕೊಳ್ಳುತ್ತದೆ. ಪಕ್ಕಗಳನ್ನು ಹಿಂದಕ್ಕೆ ಸವರುವುದು ಬರಿಗೈಗೆ ಕಷ್ಟವಾದ್ದರಿಂದ, ಉಳಿಯನ್ನು ಕಚ್ಚಿ ಹಿಡಿದು ತೂಗಾಡಿಸುವ ಒಂದು ಸಾಧನವನ್ನು ಬಳಸುತ್ತಾರೆ. ಅದರಲ್ಲಿ ಉಳಿಯ ತುದಿ ಪ್ರತಿಸಲವೂ ಅಷ್ಟೇ ಮುಂದೆ ಚಾಚಿರಬೇಕು. ಮೇಜಿಗೆ ಒಂದು ಮರದ ಚೂರನ್ನು ಅಳತೆಗಾಗಿ ಹೊಡೆದಿಟ್ಟರೆ ಮರೆವಿಗೆ ಅವಕಾಶವಿಲ್ಲ. ಇಳಿಜಾರಿಗೆ ಮಸಿ ಬಳಿದು, ನಿಂತ ಚಕ್ರವನ್ನು ಕೈಯಿಂದ ಒಮ್ಮೆ ತಿರುಗಿಸಿ ನೋಡಬೇಕು: ಮಸಿ ಮೇಲಿನಿಂದ ಕೆಳಗಿನವರೆಗೆ ಅಳಿಸಿದರೆ ಕೋನ ಸರಿ, ಹಿಮ್ಮಡಿಯಲ್ಲಿ ಮಾತ್ರ ಅಳಿಸಿದರೆ ಅಲಗು ಇನ್ನೂ ಕಲ್ಲನ್ನು ಮುಟ್ಟಿಲ್ಲ. ಮುಟ್ಟಿದಾಗ ಕಿಡಿಗಳು ಅಲಗಿನ ಮೇಲಿನಿಂದ ಕಾಲುವೆಯೊಳಕ್ಕೆ ಹರಿಯಲು ತೊಡಗುತ್ತವೆ, ಅಲ್ಲಿಗೆ ನಿಲ್ಲಿಸಬೇಕು. ಒತ್ತಬಾರದು, ಉಳಿಯ ತೂಕವೇ ಸಾಕು. ಬಳಿಕ ಬೆಳಕಿಗೆ ಹಿಡಿದರೆ ಮೊಂಡಾದ ಕಡೆ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ, ಹರಿತವಾದ ಕಡೆ ಏನೂ ಕಾಣುವುದಿಲ್ಲ. ಕಡೆಯುವಾಗ ಸುರುಳಿ ಸಿಪ್ಪೆ ಬರುವ ಬದಲು ಪುಡಿ ಉದುರತೊಡಗಿದರೆ, ಕೈ ಹೆಚ್ಚು ಒತ್ತಬೇಕೆನಿಸಿದರೆ, ಲೇತನ್ನು ನಿಲ್ಲಿಸಿ ಮತ್ತೆ ಸಾಣೆಗೆ ಹೋಗಬೇಕು. ಗಡುಸಾದ ಹುಣಸೆ, ಜಾಲಿಗಳಲ್ಲಿ ಇದು ಒಂದು ಬಟ್ಟಲಿಗೆ ಹಲವು ಸಲ ಆಗುತ್ತದೆ. ಕೊನೆಯ ಸಿಪ್ಪೆಯನ್ನು ತೆಗೆಯುವ ಮುನ್ನ ಮಾತ್ರ, ಉಳಿ ಹರಿತವಾಗಿಯೇ ಇದ್ದರೂ, ಇನ್ನೊಮ್ಮೆ ಹಿಡಿಯುವುದು ವಾಡಿಕೆ.